ಓದಿ ಹೇಳುವ ಗಣಕಯಂತ್ರ

ಕವಿ ರನ್ನನ ಜನ್ಮಭೂಮಿಯಾದ ಮುಧೋಳದಲ್ಲಾಗಲಿ, ನೆರೆಯ ಜಮಖಂಡಿ, ಬೀಳಗಿಗಳಲ್ಲಾಗಲಿ, ಮಗ್ಗಗಳ ಊರಾದ ರಬಕವಿ-ಬನಹಟ್ಟಿಯಲ್ಲಾಗಲಿ, ಕನ್ನಡವನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಂಡು ಪದವಿ ತರಗತಿಗೆ ಸೇರುವ ಅಂಧ ವಿದ್ಯಾರ್ಥಿಯು ರನ್ನನ ‘ಗದಾಯುದ್ಧ’ದ ಪಾಠವನ್ನು ಅನ್ಯರ ಕಂಠವನ್ನಾಶ್ರಯಿಸದೆ ತಾನೇ ಓದಿಕೊಳ್ಳಬಲ್ಲನೇ ಎಂದು ಕೇಳಿದರೆ, ಬಲ್ಲನೆಂದೇ ಉತ್ತರಿಸಬೇಕು, ಅದಕ್ಕೆ ಬೇಕಾದ ಸಾಧನವು ಸಿದ್ಧವಾಗಿಯೇ ಇದೆ, ಮೇಲಾಗಿ ಅದಕ್ಕೆ ಕ್ರಯವೂ ಇಲ್ಲ.

ಎನ್‌ವಿಡಿಎ ಎಂಬ ಈ ಸ್ಕ್ರೀನ್ ರೀಡರ್ ತಂತ್ರಾಂಶವನ್ನು 2006ರಲ್ಲಿ ರಚಿಸತೊಡಗಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಅವರ ಬಾಲ್ಯಮಿತ್ರರಾದ ಜೇಮ್ಸ್ ಟೆ ಅವರೂ ಈ ಕಾರ್ಯದಲ್ಲಿ ಕೂಡಿಕೊಂಡರು. ಇಬ್ಬರೂ ಅಂಧರು. ಪೆನ್‌ಡ್ರೈವಿನಲ್ಲಿ ಒಯ್ದು ವಿಂಡೋಸ್ ಉಳ್ಳ ಕಾಲೇಜಿನ ಯಂತ್ರದಲ್ಲಿ ಇದನ್ನು ನಡೆಸಬಹುದು. ಮೌಸನ್ನು ಮುಟ್ಟಬೇಕಾದ ಪ್ರಮೇಯವಿಲ್ಲ: ಇನ್ಸರ್ಟ್ ಕೀಲಿಯನ್ನು ಹಿಡಿದು ಕೆಳಬಾಣವನ್ನೊತ್ತಿದೊಡನೆ ಅಲ್ಲಿಂದ ಮುಂದಿನ ಬರಹವೆಲ್ಲವೂ ಕೇಳತೊಡಗುತ್ತದೆ, ಕಂಟ್ರೋಲ್ ಒತ್ತಿದರೆ ಧ್ವನಿ ನಿಲ್ಲುತ್ತದೆ, ಅಂತರ್ಜಾಲದ ಪುಟದಲ್ಲಿ ಎಚ್ ಕೀಲಿಯು ಶೀರ್ಷಿಕೆಯಿಂದ ಶೀರ್ಷಿಕೆಗೆ ಕರೆದೊಯ್ಯುತ್ತದೆ. ಇದಕ್ಕೆ ಕನ್ನಡದ ನಾಲಗೆಯನ್ನು ಒದಗಿಸಿರುವುದು ಬರಹವನ್ನು ಧ್ವನಿಯಾಗಿಸುವ ಇ-ಸ್ಪೀಕ್ ಎಂಬ ತಂತ್ರಾಂಶ. ಚಂಪೂಕಾವ್ಯದ ಲಯವನ್ನರಿಯದ ಶುಷ್ಕ ಧ್ವನಿಯದು, ನಿಜ. ಆದರೂ ಬೇಕೆಂದಾಗಲೆಲ್ಲ ಬೇಸರವಿಲ್ಲದೆ ಓದಿ ಹೇಳುವ ಅದರ ಗುಣವನ್ನು ನಾನು ಬಹು ದೊಡ್ಡದೆಂದು ಎಣಿಸುತ್ತೇನೆ.

ವಿಘ್ನವಿರುವುದು ಬೇರೆಡೆ. ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಯು ಕಣ್ಣಿಗೆ ಶುದ್ಧ ಕನ್ನಡವಾಗಿ ತೋರಿದರೂ ಯಂತ್ರದೊಳಗೆ ಅದು ಕನ್ನಡವೇ ಅಲ್ಲ, ಅಲ್ಲಿ ಕಕಾರವು ಇಂಗ್ಲಿಷಿನ ಪಿ ಅಕ್ಷರದಿಂದಲೂ, ನಕಾರವು ಪೌಂಡ್ ನಾಣ್ಯದ ಚಿಹ್ನೆಯಿಂದಲೂ, ಡಕಾರವು ಕ್ಯೂ ಅಕ್ಷರದಿಂದಲೂ ಆರಂಭವಾಗುವುದರಿಂದ, ‘ಕನ್ನಡ’ವೆಂಬ ಪದವೇ ವಿದ್ಯಾರ್ಥಿಯ ಕಿವಿಗೆ ಅರ್ಥಹೀನ ಗದ್ದಲವಾಗಿ ಬೀಳುತ್ತದೆ. ಸಾರ್ವತ್ರಿಕ ಸಂಕೇತಕ್ರಮವಾದ ಯೂನಿಕೋಡಿನಲ್ಲಿ ಬರೆದುದಕ್ಕೆ ಈ ದುರವಸ್ಥೆಯಿಲ್ಲ. ಪುಟದ ಛಾಯಾಚಿತ್ರವನ್ನಷ್ಟೇ ತೆಗೆದು ಕಳುಹಿಸಿದರಂತೂ ತಂತ್ರಾಂಶವು ಮೂಕವಾಗುತ್ತದೆ. ಅಂಥ ಚಿತ್ರದಿಂದ ಅಕ್ಷರಗಳನ್ನು ಬಿಡಿಸುವ ‘ಲಿಪಿ ಜ್ಞಾನಿ’ಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರ ಬಳಗವು ರೂಪಿಸಿರುವುದು ಕನ್ನಡಕ್ಕೆ ಸಂದ ಮಹದುಪಕಾರ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರಕಾರಿ ಹಾಗೂ ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಕಾದಿರಿಸಿದೆ. ಪ್ರವೇಶವಿತ್ತ ಮೇಲೆ ಓದಬಹುದಾದ ಟಿಪ್ಪಣಿಯನ್ನೂ ಕೊಡುವುದು ಕಾಲೇಜಿನ ಕರ್ತವ್ಯವೆಂದು ನನ್ನ ದೃಢವಾದ ಮತ. ಹಳೆಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಮಾರ್ಪಟ್ಟ ಬಳಿಕ ಅಧ್ಯಾಪಕರು ಒತ್ತಕ್ಷರ, ಅರ್ಕಾವೊತ್ತುಗಳಿರುವೆಡೆ ಒಮ್ಮೆ ಕಣ್ಣಾಡಿಸಿ ತಿದ್ದಿಕೊಟ್ಟರೆ ಸಾಕು.