ಮನೆಯ ಹಳೆಯ ಸಾಮಾನಿನಿಂದ ಕಿರು ಚಿತ್ರಮಂದಿರ

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ರಾಯಚೂರು ಹಾಗೂ ಇಂದಿನ ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಒಂದೇ ಪೆಟ್ಟಿಗೆಯ ಮುಂದೆ ಹಲವರು ಕುಳಿತು ಬೇಸಾಯದ ಕಾರ್ಯಕ್ರಮಗಳನ್ನು ನೋಡುತ್ತಿದ್ದರು. ಇಂದು ಅಂತಹ ಚಿತ್ರಗಳು ಮೊಬೈಲಿನಲ್ಲೇ ದೊರೆಯುತ್ತವೆ. ಆದರೆ ಅಂಗೈಯಗಲದ ಚಿತ್ರವನ್ನು ಯಜಮಾನರೊಬ್ಬರೇ ನೋಡಿದರೆ, ಕಳೆ ಕೀಳುವವರಿಗೂ ಔಷಧ ಸಿಂಪಡಿಸುವವರಿಗೂ ಅದರ ಪ್ರಯೋಜನವಿಲ್ಲ.

ಸಣ್ಣ ಎಲ್‌ಇಡಿ ಪ್ರೊಜೆಕ್ಟರ್ ಒಂದನ್ನು ನಾಲ್ಕಾರು ಮನೆಯವರು ಕೂಡಿ ಕೊಂಡರೆ, ಉಳಿದುದನ್ನು ಅಟ್ಟದ ಮೇಲಿನ ಹಳೆಯ ಸಾಮಾನಿನಿಂದಲೇ ಮಾಡಿಕೊಳ್ಳಬಹುದು. ಅದು ತಮ್ಮ ಮೊಬೈಲಿಗೆ ಹೊಂದುವುದೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ರಟ್ಟಿನ ಪೆಟ್ಟಿಗೆಗೆ ಭೂತಗನ್ನಡಿ ಕೂರಿಸಿ, ಒಳಗೆ ಮೊಬೈಲ್ ಇಟ್ಟರೂ ಚಿತ್ರ ಮೂಡುತ್ತದೆ. ಆದರೆ ಬೆಳಕು ಸಾಲದೆ ಮಂಕಾಗಿರುವುದರಿಂದ ಕಲಿಕೆಗೆ ಒದಗದು.

ಪರದೆ

5 ಅಡಿ ಅಗಲ, 2 ಅಡಿ 10 ಅಂಗುಲ ಎತ್ತರದ ಪರದೆ ಒಂದು ಕೋಣೆಗೆ ಸಾಕು. ಅಗಲವನ್ನು 10 ಅಡಿಗೆ ಏರಿಸಿದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ, ಹೊಳಪು ಕಾಲುಭಾಗಕ್ಕೆ ಇಳಿಯುತ್ತದೆ. ಮುರಿದ ಮಂಚದ ಪಟ್ಟಿಗಳಿಂದ ಚೌಕಟ್ಟು ಮಾಡಿ, ಹಳೆಯ ಬಿಳಿ ಪಂಚೆಯನ್ನು ಎರಡು ಪದರ ಮಡಿಸಿ, ಒದ್ದೆಯಿರುವಾಗಲೇ ಬಿಗಿದು ಮೊಳೆ ಹೊಡೆಯಬೇಕು. ಮೊದಲು ನಾಲ್ಕು ಬದಿಗಳ ನಡುವೆ, ಕೊನೆಗೆ ಮೂಲೆಗಳಲ್ಲಿ ಹೊಡೆದರೆ ಸುಕ್ಕು ಬೀಳದು. ಮುರಿದ ಕೊಡೆಯ ಕಪ್ಪು ಬಟ್ಟೆಯನ್ನು ಅಂಚಿಗೆ ಹೊಲಿದರೆ ಚಿತ್ರ ಸ್ಫುಟವಾಗಿ ತೋರುತ್ತದೆ.

ಬಣ್ಣದ ಶುದ್ಧತೆ

ಪಂಚೆಗೆ ನೀಲಿ ಹಾಕಿರಬಾರದು; ಸುಣ್ಣ ಬಳಿದ ಗೋಡೆಯನ್ನೇ ಪರದೆಯಾಗಿಸಿದರೆ ಸುಣ್ಣಕ್ಕೂ ನೀಲಿ ಬೆರೆಸಬಾರದು. ಹಳದಿಗಟ್ಟಿದ ಬಟ್ಟೆಯೂ ಬೇಡ. ಸಾರಜನಕದ ಕೊರತೆಯಲ್ಲಿ ಮೊದಲು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಲ್ಲಿ ಎಳೆಯ ಎಲೆಗಳ ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಪರದೆಯೇ ಬಣ್ಣ ಕೆಡಿಸಿದರೆ ಈ ವ್ಯತ್ಯಾಸ ತಿಳಿಯದೆ, ಬೇಡದ ಗೊಬ್ಬರಕ್ಕೆ ಹಣ ಸುರಿಯುವಂತಾದೀತು. ಪ್ರೊಜೆಕ್ಟರಿನ ಬಿಳಿ ಬೆಳಕಿನಲ್ಲಿ ಪರದೆಗೆ ಹೊಸ ಬಿಳಿ ಕಾಗದವನ್ನು ಆನಿಸಿ ಹಿಡಿಯಿರಿ. ಎರಡೂ ಒಂದೇ ಬಣ್ಣವಾಗಿ ಕಂಡರೆ ಪರದೆ ಸರಿಯಿದೆಯೆಂದು ತಿಳಿಯಬಹುದು.

ಕತ್ತಲೆ ಮತ್ತು ಧ್ವನಿ

ಕಿಟಕಿಗೆ ಒಂದೇ ಪದರ ಗೋಣಿತಟ್ಟು ಸಾಲದು. ಎರಡು ಪದರ ಅಥವಾ ಹಳೆಯ ಕಂಬಳಿ ಇಳಿಬಿಡಬೇಕು. ಕೀಟನಾಶಕ ಬಂದ ಚೀಲಗಳನ್ನು ಮನೆಯೊಳಗೆ ಬಳಸಲೇಬಾರದು. ಧ್ವನಿಗೆ ಹಳೆಯ ಸ್ಪೀಕರ್ ಇದ್ದರೆ, ಅದನ್ನು ಹಿಂಬದಿ ಮುಚ್ಚಿದ ಮರದ ಪೆಟ್ಟಿಗೆಗೆ ಕೂರಿಸಬೇಕು. ತೆರೆದಿಟ್ಟರೆ ಹಿಂದಿನ ಧ್ವನಿ ಮುಂದಿನದರೊಡನೆ ಬೆರೆತು ತಗ್ಗು ಸ್ವರಗಳು ಅಡಗುತ್ತವೆ. ಸ್ಪೀಕರಿನ ಓಮ್ ಸಂಖ್ಯೆಯು ಆಂಪ್ಲಿಫಯರಿನ ಮೇಲೆ ಬರೆದ ಕನಿಷ್ಠ ಸಂಖ್ಯೆಗಿಂತ ಕಡಿಮೆಯಿರಕೂಡದು. ಎದುರು ಗೋಡೆಗೆ ಕೌದಿ ತೂಗುಹಾಕಿದರೆ ಮಾರ್ದನಿ ತಗ್ಗಿ ಮಾತು ತಿಳಿಯಾಗಿ ಕೇಳುತ್ತದೆ.

ಎಚ್ಚರಿಕೆ

ಸ್ಪೀಕರಿನ ಆಸೆಗೆ ಹಳೆಯ ಟಿ.ವಿ. ಪೆಟ್ಟಿಗೆಯನ್ನು ಬಿಚ್ಚಬಾರದು. ವಿದ್ಯುತ್ ತೆಗೆದ ಮೇಲೂ ಅದರ ಚಿತ್ರನಳಿಗೆಯಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಬಲ್ಲ ಮೆಕ್ಯಾನಿಕ್ಕರಿಂದಲೇ ತೆಗೆಸಬೇಕು. ತುಂಡು ವೈರು ಜೋಡಿಸಿ ಉಳಿತಾಯ ಮಾಡುವುದು ಸಲ್ಲದು. ಬಿಸಿಗಾಳಿ ಹೊರಬರಲು ಪ್ರೊಜೆಕ್ಟರಿನ ಸುತ್ತ ಒಂದು ಗೇಣು ಜಾಗ ಬಿಡಬೇಕು. ಅದನ್ನು ಕಂಬಳಿ, ಹಾಸಿಗೆಗಳ ಮೇಲೆ ಇಡಬಾರದು.

ಪರದೆಯಿಂದ 8ರಿಂದ 10 ಅಡಿ ದೂರದಲ್ಲಿ ಚಾಪೆ ಹಾಸಿದರೆ ಹತ್ತಾರು ಮಂದಿ ಕುಳಿತು ನೋಡಬಹುದು. ಬಿತ್ತನೆಗೆ ಮುಂಚೆ ಬೀಜೋಪಚಾರದ ಚಿತ್ರ, ಸಿಂಪಡಣೆಗೆ ಮುಂಚೆ ಮುನ್ನೆಚ್ಚರಿಕೆಯ ಚಿತ್ರ ತೋರಿಸಿ, ಅಲ್ಲಲ್ಲಿ ನಿಲ್ಲಿಸಿ ಚರ್ಚಿಸುವುದು ಒಳ್ಳೆಯದು. ಕೆಲಸ ಮಾಡುವ ಕೈಗಳಿಗೆ ತಿಳಿವಳಿಕೆ ತಲುಪಿದಾಗಲೇ ಈ ಶ್ರಮ ಸಾರ್ಥಕ.