ಕಾರಿನ ಸೈಲೆನ್ಸರ್: ಸದ್ದು ಬೇರೆ, ಶಕ್ತಿ ಬೇರೆ

ಸಂಜೆ ಹೊತ್ತು. ನೀವು ತೊಂಡಾಮುತ್ತೂರಿನ ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿದ್ದೀರಿ. ಒಂದು ಹಳೇ ಕಾರು 'ಡಬ ಡಬ ಡಬ' ಅಂತ ಸದ್ದು ಮಾಡ್ತಾ ಹೋಗ್ತದೆ. ಮಲಗಿದ್ದ ನಾಯಿ ಎದ್ದು ಓಡ್ತದೆ. ಕೂಸು ಬೆಚ್ಚಿ ಅಳ್ತದೆ. ಪಕ್ಕದಲ್ಲಿದ್ದ ಹುಡುಗ ಮಾತ್ರ ಕಣ್ಣರಳಿಸಿ ನೋಡ್ತಾನೆ. "ಏನ್ ಪವರು ನೋಡಣ್ಣಾ!" ಅಂತಾನೆ.

ಅದು ನಿಜವಾಗಿ ಪವರಾ? ಇಲ್ಲಾ ಬರೀ ಸದ್ದಾ? ನಿಮ್ಮ ಮನೆಯಲ್ಲೂ ಒಂದು ಕಾರಿರಬಹುದು. "ಸೈಲೆನ್ಸರ್ ಬದಲಾಯಿಸೋಣಪ್ಪಾ" ಅಂತ ಮಗ ಕೇಳ್ತಿರಬಹುದು. ದುಡ್ಡು ಕೊಡುವ ಮೊದಲು ಈ ಪುಟ ಓದಿ. ಮಗನಿಗೂ ಓದಿ ಹೇಳಿ.

ಸದ್ದು ಎಲ್ಲಿಂದ ಬರ್ತದೆ?

ಎಂಜಿನ್ನಿನ ಒಳಗೆ ಸಿಲಿಂಡರ್ ಇದೆ. ಅದರಲ್ಲಿ ಪೆಟ್ರೋಲು ಗಾಳಿಯೊಂದಿಗೆ ಸೇರಿ ಉರಿಯುತ್ತದೆ. ಉರಿದ ಹೊಗೆ ಪಿಸ್ಟನ್ನನ್ನು ಒತ್ತುತ್ತದೆ. ಆಮೇಲೆ ವಾಲ್ವ್ ತೆರೆದು ಹೊಗೆ ಹೊರಗೆ ಚಿಮ್ಮುತ್ತದೆ. ಹೀಗೆ ಚಿಮ್ಮುವಾಗ ಪಟಾಕಿಯಂತೆ ಒಂದು ಸದ್ದು ಹುಟ್ಟುತ್ತದೆ.

ಮಾರುತಿ 800 ಕಾರು ನಿಮಗೆ ಗೊತ್ತು. 1983ರಲ್ಲಿ ಬಂತು, 2014ರಲ್ಲಿ ಅದರ ತಯಾರಿಕೆ ನಿಂತಿತು. ಹಳ್ಳಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಓಡ್ತಾ ಇವೆ. ಅದಕ್ಕೆ ಮೂರು ಸಿಲಿಂಡರ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರೂ ಹೊಗೆ ಬಿಡ್ತದೆ. ಲೆಕ್ಕ ಹಾಕಿ ನೋಡಿ. ಒಂದು ಸಿಲಿಂಡರಿಗೆ ಸೆಕೆಂಡಿಗೆ 25 ಸಲ, ಮೂರಕ್ಕೆ 75 ಸಲ. ಒಂದು ಸೆಕೆಂಡಿನಲ್ಲಿ 75 ಪಟಾಕಿ! ಸೈಲೆನ್ಸರ್ ಇಲ್ಲದಿದ್ದರೆ ಕಾರಿನೊಳಗೆ ಕೂತು ಮಾತಾಡೋಕೇ ಆಗ್ತಿರಲಿಲ್ಲ.

ಸೈಲೆನ್ಸರ್ ಒಳಗೆ ಏನಿದೆ? ತೂತು ತೂತಿನ ಕೊಳವೆಗಳು, ಸಣ್ಣ ಸಣ್ಣ ಕೋಣೆಗಳು. ಸದ್ದು ಒಂದು ಗೋಡೆಗೆ ಬಡಿದು ಹಿಂದೆ ಬರ್ತದೆ, ಎದುರು ಬರುವ ಸದ್ದಿಗೆ ಡಿಕ್ಕಿ ಹೊಡೀತದೆ. ಎರಡೂ ಒಂದನ್ನೊಂದು ಅಡಗಿಸ್ತವೆ. ಕೆಲವು ಸೈಲೆನ್ಸರಿನಲ್ಲಿ ಗಾಜಿನ ಎಳೆಯ ಹತ್ತಿಯಂಥ ವಸ್ತು ತುಂಬಿರ್ತಾರೆ. ಅದು ಸದ್ದನ್ನು ಹೀರಿಕೊಳ್ಳುತ್ತದೆ. ಇದನ್ನೆಲ್ಲ ಕಿತ್ತು ಬರೀ ಪೈಪು ಇಟ್ಟರೆ ಸದ್ದು ಜೋರಾಗ್ತದೆ. ಇದರಲ್ಲಿ ಮೆಕ್ಯಾನಿಕ್ಕಿನ ಜಾಣತನ ಏನೂ ಇಲ್ಲ.

ದೊಡ್ಡ ಪೈಪು ಹಾಕಿದರೆ ಪವರ್ ಬರ್ತದಾ?

"ಹೊಗೆ ಸಲೀಸಾಗಿ ಹೋದರೆ ಎಂಜಿನ್ನಿಗೆ ಭಾರ ಕಡಿಮೆ" ಅಂತ ಹೇಳ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ.

ತೋಟದ ಮೋಟಾರು ನೆನಪಿಸಿಕೊಳ್ಳಿ. ಅದೇ ನೀರನ್ನು 2 ಅಂಗುಲದ ಪೈಪಿನಲ್ಲಿ ಬಿಟ್ಟರೆ ರಭಸವಾಗಿ ಹೋಗ್ತದೆ. 6 ಅಂಗುಲದ ಪೈಪಿನಲ್ಲಿ ಬಿಟ್ಟರೆ ತಳದಲ್ಲಿ ಮೆಲ್ಲಗೆ ಹರೀತದೆ. ಹೊಗೆಯೂ ಹಾಗೇ. ರಭಸದಿಂದ ಹೋಗುವ ಹೊಗೆ ತನ್ನ ಹಿಂದೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗ್ತದೆ. ಆಗ ಹೊಸ ಗಾಳಿಗೆ ಜಾಗ ಸಿಗ್ತದೆ. ಪೈಪು ತೀರಾ ದೊಡ್ಡದಾದರೆ ಈ ಎಳೆತ ಹೋಗ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಬಲ ಕುಗ್ಗುತ್ತದೆ. ನಾಲ್ಕು ಜನ ಕೂತು ದಿಣ್ಣೆ ಹತ್ತುವಾಗ ನಿಮಗೆ ಬೇಕಾದ್ದು ಆ ಬಲವೇ.

ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ ಅಗಲ ಪೈಪಿನಿಂದ ಸ್ವಲ್ಪ ಲಾಭ ಉಂಟು. ಸಣ್ಣ ಕಾರಿನಲ್ಲಿ ಆ ಲಾಭ ಸೀಟಿನಲ್ಲಿ ಕೂತವರಿಗೆ ಗೊತ್ತೇ ಆಗದಷ್ಟು. ಸದ್ದು ಹೆಚ್ಚಿದ್ದರಿಂದ 'ಎಳೀತಾ ಇದೆ' ಅಂತ ಅನಿಸ್ತದೆ, ಅಷ್ಟೇ. ಟರ್ಬೊ ಇರುವ ಕಾರಿನ ಮಾತು ಬೇರೆ. ಅಲ್ಲಿ ಪೈಪು ಬದಲಾಯಿಸಿದರೆ ವ್ಯತ್ಯಾಸ ಹೆಚ್ಚು ಕಾಣ್ತದೆ.

ಹಾಗಾದರೆ ರೇಸ್ ಕಾರುಗಳು?

ಒಳ್ಳೇ ಪ್ರಶ್ನೆ. ಕೊಯಮತ್ತೂರು ರೇಸಿಗೆ ಹೆಸರಾದ ಊರು. ಇಲ್ಲಿನ ಎಸ್. ಕರಿವರ್ಧನ್ ಅವರು ಇದೇ ಮಾರುತಿ 800 ಎಂಜಿನ್ ಇಟ್ಟು ಒಬ್ಬರೇ ಕೂರುವ ರೇಸ್ ಕಾರು ಮಾಡಿದರು. ಅದಕ್ಕೆ ಫಾರ್ಮುಲಾ ಮಾರುತಿ ಅಂತ ಹೆಸರು. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ಚೆಟ್ಟಿಪಾಳಯದ ಹತ್ತಿರ ಇರುವ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್ ರೇಸಿಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರು.

ರೇಸಿನಲ್ಲಿ ಎಂಜಿನ್ ಯಾವಾಗಲೂ ವೇಗವಾಗಿಯೇ ತಿರುಗ್ತಾ ಇರ್ತದೆ. ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಹೊಗೆಗೆ ಅಡ್ಡ ಬರಬಾರದು ಅಂತ ಪೈಪುಗಳ ಉದ್ದವನ್ನು ಅಳೆದು ಕೂಡಿಸ್ತಾರೆ. ಅದಕ್ಕೆ ಸರಿಯಾಗಿ ಪೆಟ್ರೋಲಿನ ಅಳತೆ, ಕಿಡಿ ಹಾರುವ ಹೊತ್ತು ಎಲ್ಲ ತಿದ್ದುತ್ತಾರೆ. ರೇಸ್ ಕಾರಿನ ಸದ್ದು ಈ ಕೆಲಸದ ಜೊತೆಗೆ ಬರುವಂಥದ್ದು. ನಮ್ಮ ಹುಡುಗರು ಕೆಲಸ ಬಿಟ್ಟು ಸದ್ದು ಮಾತ್ರ ಕೊಂಡುಕೊಳ್ತಾರೆ.

ಇದರಿಂದ ಹೋಗುವುದೇನು?

ಪೆಟ್ರೋಲು ಕಾರಿನ ಹೊಗೆ ಪೈಪಿನಲ್ಲಿ ಸೈಲೆನ್ಸರಿಗಿಂತ ಮುಂಚೆ ಒಂದು ಡಬ್ಬಿ ಇರ್ತದೆ. ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಅಂತಾರೆ. ಒಳಗೆ ಪ್ಲಾಟಿನಂ, ಪಲ್ಲಾಡಿಯಂನಂಥ ಬೆಲೆಬಾಳುವ ಲೋಹದ ತೆಳು ಲೇಪ ಇದೆ. ವಿಷದ ಹೊಗೆ ಅದರ ಮೇಲೆ ಹಾದು ಕಡಿಮೆ ವಿಷದ್ದಾಗಿ ಬದಲಾಗ್ತದೆ. "ಇದು ಅಡ್ಡ, ತೆಗೆದುಬಿಡೋಣ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ತೆಗೆದ ಕಾರು ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳ್ತದೆ. ತೆಗೆದ ಡಬ್ಬಿಗೂ ಒಳ್ಳೇ ಬೆಲೆ ಇದೆ. ಅದು ಯಾರ ಜೇಬಿಗೆ ಹೋಗ್ತದೆ ಅಂತ ಯೋಚನೆ ಮಾಡಿ.

ಕಾನೂನು ಏನು ಹೇಳ್ತದೆ? 2005ರ ಏಪ್ರಿಲಿನಿಂದ ಹೊಸ ಕಾರಿನ ಸದ್ದಿಗೆ 74 ಡೆಸಿಬೆಲ್ ಮಿತಿ ಬಂತು. ಡೆಸಿಬೆಲ್ ಅಂದರೆ ಸದ್ದಿನ ಅಳತೆ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಸದ್ದು, ಹೊಗೆಯ ನಿಯಮ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ ಇಟ್ಟಿತು. ಜೈಲು, ಲೈಸೆನ್ಸ್ ಅಮಾನತು ಕೂಡ ಅದರಲ್ಲಿ ಇದೆ. ಕರ್ನಾಟಕದ ಕೆಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದಾರೆ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ತೊಂಡಾಮುತ್ತೂರಿನ ಬೆನ್ನಿಗೇ ಬೋಳುವಾಂಪಟ್ಟಿ ಕಾಡು. ಬಾಳೆ ತೋಟಕ್ಕೆ ರಾತ್ರಿ ಆನೆ ಇಳೀತದೆ. ಆನೆಯ ಕಿವಿ ನಮಗೆ ಕೇಳದ ತಗ್ಗಿನ ಸದ್ದನ್ನೂ ಕೇಳ್ತದೆ. ಕತ್ತಲಲ್ಲಿ ಬೆಚ್ಚಿದ ಆನೆ ಯಾವ ಕಡೆ ಓಡ್ತದೆ, ಯಾರ ಮೇಲೆ ಓಡ್ತದೆ ಅಂತ ಹೇಳೋಕಾಗಲ್ಲ. ಕಾರಿನವನು ಹೊರಟುಹೋಗಿರ್ತಾನೆ. ತೋಟದಲ್ಲಿ ಕಾವಲಿಗೆ ಕೂತವನು ಅಲ್ಲೇ ಇರ್ತಾನೆ.

ನೀವೇ ನೋಡಬಹುದಾದದ್ದು

ಮೊದಲು ಹಳೇ ಪೈಪು ಚೆನ್ನಾಗಿದೆಯಾ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಎಂಜಿನ್ ಕಡೆಯಿಂದ 'ಟಿಕ್ ಟಿಕ್' ಅಂತ ಕೇಳಿದರೆ ಹೊಗೆ ಸೋರ್ತಾ ಇರಬಹುದು. ಜೋಡಿಸಿದ ಜಾಗದಲ್ಲಿ ಕಪ್ಪು ಮಸಿ ಕಂಡರೂ ಹಾಗೇ. ಪೈಪಿನ ತುದಿಯಿಂದ ನೀರು ತೊಟ್ಟಿಕ್ಕಿದರೆ ಹೆದರಬೇಡಿ. ಪೆಟ್ರೋಲು ಉರಿದಾಗ ನೀರಿನ ಆವಿಯೂ ಆಗ್ತದೆ. ಆದರೆ ದಿನಾ ಬರೀ ಎರಡು ಮೈಲಿ ಓಡಿಸಿ ನಿಲ್ಲಿಸಿದರೆ ಆ ನೀರು ಒಣಗದೆ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡೀತದೆ.

ಸೋರುವ ಪೈಪನ್ನು ಕಡೆಗಣಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆಯಂಥ ಮಂಪರು, ಆಮೇಲೆ ಎಚ್ಚರವೇ ಇಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಮಲಗಲೇಬಾರದು.

ಪೈಪು ತೂತಾಗಿದ್ದರೆ ಕಂಪನಿಯ ಅಳತೆಯದೇ ಹಾಕಿಸಿ. ಎಳೆತ ಕಡಿಮೆ ಅನಿಸಿದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈರಿನ ಗಾಳಿ, ಬ್ರೇಕು ಹಿಡಿದುಕೊಂಡಿದೆಯಾ ಅನ್ನೋದನ್ನು ನೋಡಿಸಿ. ಮಗ ಹಟ ಹಿಡಿದರೆ ರೇಸ್ ನಡೆಯುವ ದಿನ ಚೆಟ್ಟಿಪಾಳಯಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಕಿವಿ ತುಂಬ ಸದ್ದು ಕೇಳಿ ಬರಲಿ.