ಚಕ್ರವೇರಿದ ಯಂತ್ರಗಳು

ಯಂತ್ರವೆಂದರೆ ನೆಲವನ್ನು ಕಚ್ಚಿ ನಿಲ್ಲತಕ್ಕದ್ದೆಂಬ ನಂಬಿಕೆ ನಮ್ಮ ನಾಡಿನ ಕಾರ್ಖಾನೆಗಳಲ್ಲಿ ಬಹುಕಾಲ ಪ್ರಶ್ನಾತೀತವಾಗಿದ್ದಿತು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಲೇತುಗಳಾಗಲಿ, 1953ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆಗೊಂಡ ಎಚ್‌ಎಂಟಿಯ ಲೇತುಗಳಾಗಲಿ, ವಿಶಾಲವಾದ ಕಾರ್ಯಾಗಾರಗಳಲ್ಲಿ ಕಾಂಕ್ರೀಟು ಪೀಠದ ಮೇಲೆ ಸ್ಥಿರವಾಗಿ, ಸ್ಪಿರಿಟ್ ಲೆವೆಲ್ಲಿನ ಗುಳ್ಳೆ ಮಧ್ಯದಲ್ಲಿ ನಿಂತ ಮೇಲೆಯೇ ಕೆಲಸಕ್ಕೆ ತೊಡಗುತ್ತಿದ್ದುವು. ಆದರೆ 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ತನ್ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ನಿರ್ಮಿಸಲು ತೊಡಗಿ, ಸುತ್ತಣ ಬೊಮ್ಮಸಂದ್ರ, ಹೆಬ್ಬಗೋಡಿಗಳಲ್ಲಿಯೂ ಉದ್ಯಮ ಹಬ್ಬಿದಾಗ, ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪುಗಳಿಗೆ ದೊರೆತುದು ಬಾಡಿಗೆಯ ಶೆಡ್ಡು ಮಾತ್ರ, ವೈಶಾಲ್ಯವಲ್ಲ.

ಅಲ್ಲಿ ಲೇತು, ಡ್ರಿಲ್ಲಿಂಗ್ ಮೆಷೀನು, ಗರಗಸ, ವೆಲ್ಡಿಂಗ್ ಸೆಟ್ಟು ಇವೆಲ್ಲವೂ ಒಂದೇ ಸೂರಿನಡಿ ಬಾಳಬೇಕು. ಉದ್ದನೆಯ ಸರಳೊಂದನ್ನು ಕೊಯ್ಯಬೇಕಾದರೆ ಪಕ್ಕದ ಯಂತ್ರ ಸರಿಯಲೇಬೇಕು. ಮೊದಲು ಹಾರೆಯಿಂದ ಮೀಟಿ, ಕೆಳಗೆ ಕಬ್ಬಿಣದ ಪೈಪುಗಳನ್ನು ಕೊಟ್ಟು, ಹಿಂದೆ ಬಿದ್ದುದನ್ನು ಮುಂದಕ್ಕೆ ತಂದು ಉರುಳಿಸುವುದೇ ರೂಢಿ. ಪದೇ ಪದೇ ಮಾಡಬೇಕಾದ ಈ ಶ್ರಮವೇ ಚಾನಲ್ ಕಬ್ಬಿಣದ ಚೌಕಟ್ಟನ್ನೂ, ಅದರ ನಾಲ್ಕು ಮೂಲೆಗಳಲ್ಲಿ ಕ್ಯಾಸ್ಟರ್ ಚಕ್ರಗಳನ್ನೂ ಹುಟ್ಟಿಸಿತು.

ಚಕ್ರವನ್ನು ಕೂಡಿಸುವುದು ಸುಲಭ. ಭಾರದ ಲೆಕ್ಕ ಸುಲಭವಲ್ಲ. ನೆಲ ಎಂದೂ ಸಮತಲವಲ್ಲವಾಗಿ, ನಾಲ್ಕು ಚಕ್ರಗಳಲ್ಲಿ ಒಂದು ಅಂತರದಲ್ಲಿ ತೂಗಿ ಉಳಿದ ಮೂರೇ ಹೊರೆಯನ್ನೆಲ್ಲ ಹೊರುವುದುಂಟು. ಆದುದರಿಂದ 600 ಕಿಲೋ ಯಂತ್ರಕ್ಕೆ 150 ಕಿಲೋ ತಾಳುವ ಚಕ್ರ ಸಾಲದು, 200 ಕಿಲೋ ತಾಳುವುದಾದರೂ ಬೇಕು. ಇನ್ನು ತಲೆಭಾರದ ಡ್ರಿಲ್ಲಿಂಗ್ ಮೆಷೀನಿನ ಮಾತು. ನೆರೆಯ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ 2024ರಲ್ಲಿ ನೂರಡಿಗೂ ಮಿಕ್ಕ ತೇರು ಉರುಳಿದುದನ್ನು ಕಂಡವರಿಗೆ, ಎತ್ತರಕ್ಕೆ ತಕ್ಕ ಅಗಲವಿಲ್ಲದೆ ಚಲಿಸುವ ವಸ್ತುವಿನ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ. ಚೌಕಟ್ಟು ಯಂತ್ರದ ಬುಡಕ್ಕಿಂತ ಅಗಲವಾಗಿರತಕ್ಕದ್ದು, ತಳ್ಳುವ ಕೈ ಕೆಳಗಿರತಕ್ಕದ್ದು.

ಈ ಕಸುಬಿನ ನಿಜವಾದ ಜಾಣ್ಮೆಯನ್ನು ನಾನು ಕಾಣುವುದು ಜ್ಯಾಕ್ ಸ್ಕ್ರೂಗಳಲ್ಲಿ. ಚಲಿಸುವಾಗ ಚಕ್ರ, ದುಡಿಯುವಾಗ ಸ್ಕ್ರೂವಿನ ಪಾದ: ಸ್ಕ್ರೂವನ್ನು ತಿರುಗಿಸಿದೊಡನೆ ಚಕ್ರ ನೆಲಬಿಟ್ಟು ಯಂತ್ರ ಮತ್ತೆ ಭೂಮಿಗೆ ಊರುತ್ತದೆ. ಚಕ್ರದ ಬ್ರೇಕನ್ನೇ ನಂಬಿದವರಲ್ಲಿ ಯಂತ್ರ ನಡುಗಿ, ಕೆಲಸದ ಮೇಲ್ಮೈಯಲ್ಲಿ ಅಲೆ ಮೂಡುತ್ತದೆ. ಉದ್ದ ಬೆಡ್ಡಿನ ಲೇತಿಗಂತೂ ಈ ಚಕ್ರದ ಉಪಾಯ ಸಲ್ಲದೆಂದೇ ನನ್ನ ದೃಢವಾದ ಅಭಿಪ್ರಾಯ. ಬೆಡ್ಡು ಕೂದಲೆಳೆಯಷ್ಟು ತಿರುಚಿದರೂ ಸರಳು ಒಂದು ತುದಿಯಲ್ಲಿ ಸಣ್ಣದಾಗುತ್ತದೆ, ಪ್ರತಿ ಸಲ ಸರಿಸಿದಾಗಲೂ ಲೆವೆಲ್ ಹೊಸದಾಗಿ ನೋಡಬೇಕಾಗುತ್ತದೆ. ಗರಗಸ, ಗ್ರೈಂಡರು, ಡ್ರಿಲ್ಲುಗಳು ಸಂಚರಿಸಲಿ. ಲೇತು ಗೋಡೆಯ ಬದಿಯಲ್ಲಿ ತನ್ನ ಸ್ಥಾನವನ್ನು ಬಿಡದಿರಲಿ. ಬಾಡಿಗೆಯ ಕರಾರು ಮುಗಿದು ಮತ್ತೊಂದು ಶೆಡ್ಡಿಗೆ ಹೊರಡುವ ದಿನ ಅದೊಂದಕ್ಕೆ ಮಾತ್ರ ಕ್ರೇನು ಕರೆಸಿದರಾಯಿತು.